ಹಳೆಯ ಹಿಮದ ಲೆಕ್ಕ, ಮುಂದಿನ ಪ್ರವಾಸ: ಸ್ಕೀಯಿಂಗ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಲ್ಲಿ ಭೂಗೋಳ ಪಾಠ ಮಾಡುವ ನಾನು ಹನ್ನೊಂದು ವರ್ಷಗಳಿಂದ ಚಳಿಗಾಲದ ಒಂದು ವಾರವನ್ನು ಹಿಮದ ಮೇಲೆ ಕಳೆಯುತ್ತಿದ್ದೇನೆ. ಮೊದಲು ಉತ್ತರಾಖಂಡದ ಔಲಿ, ಆಮೇಲೆ ಕಾಶ್ಮೀರದ ಗುಲ್ಮಾರ್ಗ್, ದುಡ್ಡು ಕೂಡಿದ ಎರಡು ಸಲ ಯೂರೋಪಿನ ಆಲ್ಪ್ಸ್. ಈ ಸುದ್ದಿ ಹಬ್ಬಿದ ಮೇಲೆ ಸಿಂಧನೂರಿನ ಭತ್ತದ ಬೆಳೆಗಾರರು, ಗಂಗಾವತಿಯ ಅಕ್ಕಿ ಗಿರಣಿಯವರು, ತೋರಣಗಲ್ಲಿನ ಇಂಜಿನಿಯರುಗಳು, ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲರೂ ಒಂದಲ್ಲ ಒಂದು ಪ್ರಶ್ನೆ ಕೇಳುತ್ತಲೇ ಬಂದಿದ್ದಾರೆ. ಮದುವೆ ಮನೆಯಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದದ್ದು, ರೈಲಿನಲ್ಲಿ ಎದುರು ಕುಳಿತವರು ಕೇಳಿದ್ದು ಎಲ್ಲವನ್ನೂ ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ತೊಡಕಿನವು ಕೊನೆಗೆ.

## ಮೊದಲ ಸಲ ಹೊರಟವರಿಗೆ

ನಾವು ರಾಯಚೂರಿನ ಬಿಸಿಲಲ್ಲಿ ಬೆಳೆದವರು ಮೇಡಂ. ಹಿಮದ ಲೆಕ್ಕ ನಮಗೆ ತಲೆಗೆ ಹತ್ತುತ್ತದೆಯೇ?

ಖಂಡಿತ ಹತ್ತುತ್ತದೆ. ನಮ್ಮ ಕಡೆಯವರಷ್ಟು ಮಳೆಯ ಲೆಕ್ಕ ಇಟ್ಟುಕೊಂಡವರು ಕಡಿಮೆ. ಮೃಗಶಿರ ಕೈಕೊಟ್ಟಿತು, ಆರಿದ್ರ ಹಿಡಿಯಿತು, ಹಿಂಗಾರಿಗೆ ಹಸ್ತ ಬರಲೇಬೇಕು ಎಂದು ಮಳೆಯನ್ನು ಹೆಸರು ಹಿಡಿದು ಕರೆಯುವ ಜನ ನಾವು. ಕಾಶ್ಮೀರದವರು ಚಳಿಯನ್ನು ಹಾಗೆಯೇ ಹೆಸರಿಟ್ಟು ಕರೆಯುತ್ತಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾ ಎ ಕಲಾನ್, ನಂತರದ ಇಪ್ಪತ್ತು ದಿನ ಚಿಲ್ಲಾ ಎ ಖುರ್ದ್, ಕೊನೆಯ ಹತ್ತು ದಿನ ಚಿಲ್ಲಾ ಎ ಬಚ್ಚಾ. ಯಾವ ನಕ್ಷತ್ರದಲ್ಲಿ ಎಷ್ಟು ಹದ ಬಿದ್ದೀತು ಎಂದು ಹೊಲದ ಬದುವಿನಲ್ಲಿ ನಿಂತು ಅಂದಾಜು ಮಾಡುವವರಿಗೆ ಹಿಮದ ಪಟ್ಟಿ ಓದುವುದು ದೊಡ್ಡ ವಿದ್ಯೆಯಲ್ಲ.

ನನಗಂತೂ ಇದು ಮನೆಯಿಂದ ಬಂದದ್ದು. ಅಪ್ಪ ಲಿಂಗಸುಗೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬೆಳಿಗ್ಗೆ 8.30ಕ್ಕೆ ಸರಿಯಾಗಿ ಮಳೆ ಮಾಪಕದ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದುತ್ತಿದ್ದರು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದರು. ಪಟ್ಟಿಯ ಮನೆಯನ್ನು ಎಂದೂ ಖಾಲಿ ಬಿಡುತ್ತಿರಲಿಲ್ಲ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸದ ಮಾತು ಮುಂದೆ ಮತ್ತೆ ಬರುತ್ತದೆ.

ಜನವರಿಯಲ್ಲಿ ಹಿಮಾಲಯಕ್ಕೆ ಹೋದರೆ ಹಿಮ ಇದ್ದೇ ಇರುತ್ತದಲ್ಲ? ಹಳೆಯ ದಾಖಲೆ ಕೆದಕುವುದು ಏಕೆ?

ನಾನೂ ಹಾಗೆಯೇ ನಂಬಿ ಔಲಿಗೆ ಹೋಗಿದ್ದೆ, ಜನವರಿಯ ಮೊದಲ ವಾರದಲ್ಲಿ. ಪ್ರವಾಸ ಗೊತ್ತುಮಾಡಿಕೊಟ್ಟವರು ಕಳುಹಿಸಿದ ಹಾಳೆಯಲ್ಲಿ ಚಳಿಗಾಲದ ಸರಾಸರಿ ಹಿಮದ ಅಂಕಿ ಚೆನ್ನಾಗಿಯೇ ಇತ್ತು. ಅಲ್ಲಿ ಕಂಡದ್ದು ಕಂದು ಬಣ್ಣದ ಒಣಹುಲ್ಲು, ನಡುನಡುವೆ ಕರವಸ್ತ್ರ ಹಾಸಿದಷ್ಟು ಹಿಮ. ಬಾಡಿಗೆಗೆ ಪಡೆದ ಬೂಟುಗಳನ್ನು ಆರು ದಿನ ಕೋಣೆಯ ಮೂಲೆಯಲ್ಲಿ ನೋಡುತ್ತಾ ಕುಳಿತೆ. ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ದಾಖಲೆ ಹುಡುಕಿದ್ದು.

ಇದು ನನ್ನೊಬ್ಬಳ ಹಣೆಬರಹವಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗಿನ ಇಳಿಜಾರುಗಳು ತಿಂಗಳ ಬಹುಪಾಲು ಬರಿದಾಗಿದ್ದವು. ಹಿಮ ಬಂದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಅಲ್ಲೇ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಯೂರೋಪಿನಲ್ಲಿ 2022-23ರ ಹೊಸ ವರ್ಷದ ಹೊತ್ತಿಗೆ ಆಲ್ಪ್ಸ್‌ನ ತಗ್ಗಿನ ಎಷ್ಟೋ ಸ್ಕೀ ತಾಣಗಳು ಹುಲ್ಲು ಕಾಣುವ ಸ್ಥಿತಿಗೆ ಬಂದು ಬಾಗಿಲು ಹಾಕಿದವು. ಜನವರಿ ಎಂಬ ಹೆಸರು ಹಿಮ ತಂದುಕೊಡುವುದಿಲ್ಲ. ಪಶ್ಚಿಮ ಹಿಮಾಲಯಕ್ಕೆ ಅದನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಒಂದರ ಹಿಂದೆ ಒಂದು ಸಾಗಿ ಬರುವ ವಾಯುಭಾರ ಕುಸಿತಗಳು. ಹವಾಮಾನ ಇಲಾಖೆಯವರು ಇವುಗಳನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಅವು ಮೂರು ವಾರ ತಡವಾದರೆ ನಿಮ್ಮ ರಜೆ ಅಷ್ಟರಲ್ಲಿ ಮುಗಿದಿರುತ್ತದೆ.

ಒಂದು ಕಡೆ ‘ಹಿಮಪಾತ 6 ಮೀಟರ್’ ಎಂದಿದೆ, ಇನ್ನೊಂದು ಕಡೆ ಅದೇ ಊರಿಗೆ ‘ಹಿಮ 110 ಸೆಂ.ಮೀ.’ ಎಂದಿದೆ. ಯಾವುದು ಸರಿ?

ಎರಡೂ ಸರಿಯಿರಬಹುದು. ತುಂಗಭದ್ರಾ ಅಣೆಕಟ್ಟಿನ ನೀರಿನ ಪಟ್ಟಿಯನ್ನು ನೆನಪಿಸಿಕೊಳ್ಳಿ. ಒಳಹರಿವು ಒಂದು ಕಾಲಂ, ಹೊರಹರಿವು ಇನ್ನೊಂದು, ನೀರಿನ ಮಟ್ಟ ಮೂರನೆಯದು. ಪೂರ್ಣ ಮಟ್ಟ 1,633 ಅಡಿ ಎಂಬುದು ಕೊಪ್ಪಳ, ರಾಯಚೂರಿನ ಮಕ್ಕಳಿಗೂ ಬಾಯಿಪಾಠ. ಒಳಹರಿವು ಎಷ್ಟೇ ಬಂದಿರಲಿ, ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ತಿಳಿಯಲು ನಾವು ನೋಡುವುದು ಮಟ್ಟವನ್ನು. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕಿತ್ತುಹೋದಾಗ ತುಂಬಿದ್ದ ಅಣೆಕಟ್ಟೂ ಕಣ್ಣೆದುರೇ ಇಳಿಯಿತಲ್ಲ, ಹಾಗೆ.

ಹಿಮಪಾತ ಒಳಹರಿವು. ನೆಲದ ಮೇಲಿನ ಹಿಮದ ಆಳ ನೀರಿನ ಮಟ್ಟ. ಬಿಸಿಲಿಗೆ ಕರಗುವುದು, ಗಾಳಿಗೆ ಹಾರುವುದು, ತನ್ನ ಭಾರಕ್ಕೆ ತಾನೇ ಕುಸಿದು ಗಟ್ಟಿಯಾಗುವುದು ಹೊರಹರಿವು. ಹೊಸದಾಗಿ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ಇರುವುದರಿಂದ ಅದು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಋತುವಿಡೀ 6 ಮೀಟರ್ ಬಿದ್ದರೂ ಯಾವುದೇ ಒಂದು ದಿನ 1 ಮೀಟರ್ ಮಾತ್ರ ಉಳಿದಿರುವುದು ಸಹಜ. ಸ್ಕೀ ಓಡುವುದು ಉಳಿದ ಹಿಮದ ಮೇಲೆ. ಆದ್ದರಿಂದ ನಿಮ್ಮ ತಾರೀಖಿನ ಆಳವನ್ನು ಮೊದಲು ನೋಡಿ; ಹೊಸ ಹಿಮದಲ್ಲಿ ಮುಳುಗಿ ಇಳಿಯುವ ಆಸೆ ಇರುವ ಪಳಗಿದವರು ಮಾತ್ರ ಹಿಮಪಾತದ ಕಾಲಂ ಅನ್ನೂ ನೋಡಿಕೊಳ್ಳಲಿ.

ಎಷ್ಟು ಆಳ ಇದ್ದರೆ ಸಾಕು?

ಹುಲ್ಲುಗಾವಲಿನ ಮೇಲೆ ಯಂತ್ರದಿಂದ ಒತ್ತಿ ಸಮಮಾಡಿದ ಇಳಿಜಾರಿಗೆ 30 ಸೆಂ.ಮೀ. ಕಡಿಮೆ ಮಿತಿ ಎಂದು ಆಲ್ಪ್ಸ್‌ನ ಅಧ್ಯಯನಗಳಲ್ಲಿ ಬಹುಕಾಲದಿಂದ ಹಿಡಿದಿದ್ದಾರೆ. ಕಲ್ಲು, ಬಂಡೆ, ಪೊದೆ ಇರುವ ನೆಲಕ್ಕೆ ಅದರ ಎರಡು ಮೂರು ಪಟ್ಟು ಬೇಕು.

## ದಾಖಲೆ ಓದುವ ಬಗೆ

ಸರಾಸರಿ ಚೆನ್ನಾಗಿದೆ ಎಂದು ಪ್ರವಾಸದವರು ಅಂಕಿ ತೋರಿಸುತ್ತಾರೆ. ಅದನ್ನು ನೋಡಿ ಟಿಕೆಟ್ ಮಾಡಬಹುದೇ?

ಮಾಡಬೇಡಿ. ಈ ಬರಹದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಹೊತ್ತು ನಿಮಗಿದ್ದರೆ ಇದನ್ನೇ ಓದಿ.

ಎರಡು ಊರುಗಳಿವೆ ಎಂದಿಟ್ಟುಕೊಳ್ಳಿ. ಹತ್ತು ಚಳಿಗಾಲಗಳ ಜನವರಿ 20ರಂದು ಮೊದಲನೆಯ ಊರಿನಲ್ಲಿ ಹಿಮದ ಆಳ ಸೆಂಟಿಮೀಟರಿನಲ್ಲಿ ಹೀಗಿದೆ: 60, 55, 70, 50, 65, 45, 60, 75, 55, 65. ಎರಡನೆಯ ಊರಿನಲ್ಲಿ ಹೀಗೆ: 150, 10, 120, 0, 140, 15, 20, 130, 5, 10. ಕೂಡಿಸಿ ಹತ್ತರಿಂದ ಭಾಗಿಸಿ. ಎರಡರ ಸರಾಸರಿಯೂ 60. ಆದರೆ ಎರಡನೆಯ ಊರಿಗೆ ಹೋದವರು ಹತ್ತರಲ್ಲಿ ಆರು ಸಲ ಹುಲ್ಲು ನೋಡಿಕೊಂಡು ವಾಪಸು ಬರುತ್ತಿದ್ದರು. ನಾಲ್ಕು ಭರ್ಜರಿ ವರ್ಷಗಳು ಸೇರಿ ಆರು ಬರಗಾಲಗಳನ್ನು ಮುಚ್ಚಿಹಾಕಿವೆ. ನಮ್ಮ ಜಿಲ್ಲೆಯ ವಾಡಿಕೆ ಮಳೆಯ ಅಂಕಿಯೂ ಇದೇ ಆಟ ಆಡುತ್ತದೆ: ಒಂದೇ ರಾತ್ರಿ ತಿಂಗಳ ಮಳೆ ಸುರಿದರೆ ಪಟ್ಟಿಯಲ್ಲಿ ‘ವಾಡಿಕೆಗಿಂತ ಹೆಚ್ಚು’, ಹೊಲದಲ್ಲಿ ಮಾತ್ರ ಬಿತ್ತಿದ ಬೀಜ ಕೊಚ್ಚಿಹೋಗಿರುತ್ತದೆ.

ಹಾಗಾಗಿ ಸರಾಸರಿಯನ್ನು ಬದಿಗಿಟ್ಟು ಕೆಟ್ಟ ವರ್ಷಗಳನ್ನು ಎಣಿಸಿ. ನಾನು ಮಾಡುವುದು ಹೀಗೆ. ಕಿರಾಣಿ ಅಂಗಡಿಯವರು ಲೆಕ್ಕ ಬರೆಯುವ ಉದ್ದನೆಯ ಕೆಂಪು ಬಟ್ಟೆಯ ಪುಸ್ತಕ ಒಂದಿದೆ. ಒಂದು ಊರಿಗೆ ಒಂದು ಪುಟ. ಎಡಗಡೆ ಚಳಿಗಾಲದ ಹೆಸರು, 1995-96ರಿಂದ ಕೆಳಗೆ ಸಾಲಾಗಿ. ಪಕ್ಕದಲ್ಲಿ ನಾಲ್ಕು ಮನೆ: ನಾನು ಹೋಗಬೇಕೆಂದಿರುವ ದಿನ, ಅದಕ್ಕೆ ಹತ್ತು ದಿನ ಹಿಂದೆ, ಹತ್ತು ದಿನ ಮುಂದೆ, ಕೊನೆಗೆ ಅಳತೆಯ ಜಾಗದ ಎತ್ತರ. 30 ಸೆಂ.ಮೀ.ಗಿಂತ ಕಡಿಮೆ ಇದ್ದ ಪ್ರತಿ ಅಂಕಿಗೂ ಕೆಂಪು ಪೆನ್ಸಿಲಿನ ಸುತ್ತು. ಪುಟ ತುಂಬಿದ ಮೇಲೆ ಲೆಕ್ಕ ಮಾಡುವ ಅಗತ್ಯವೇ ಬೀಳುವುದಿಲ್ಲ. ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದರೆ ಯಾವ ಕಾಲಂ ಕೆಂಪಗಿದೆ ಎಂದು ಕಾಣುತ್ತದೆ. ಔಲಿಯ ಮೊದಲ ವಾರದ ಕಾಲಂ ನನಗೆ ಮೊದಲೇ ಕಂಡಿದ್ದರೆ ಆ ಆರು ದಿನ ಉಳಿಯುತ್ತಿತ್ತು.

ಸ್ವಿಟ್ಜರ್ಲೆಂಡಿನಿಂದ ಬಂದ ಒಂದು ಹಳೆಯ ಅಳತೆಗೋಲೂ ಇದೇ ಬುದ್ಧಿಯದು. ಅದನ್ನು ನೂರು ದಿನದ ನಿಯಮ ಎನ್ನುತ್ತಾರೆ. ಡಿಸೆಂಬರ್ 1ರಿಂದ ಏಪ್ರಿಲ್ 15ರೊಳಗೆ ಕನಿಷ್ಠ 100 ದಿನ, ಕನಿಷ್ಠ 30 ಸೆಂ.ಮೀ. ಹಿಮ, ಹತ್ತು ಚಳಿಗಾಲಗಳಲ್ಲಿ ಏಳರಲ್ಲಾದರೂ ಇದ್ದರೆ ಆ ತಾಣವನ್ನು ಹಿಮಕ್ಕೆ ನಂಬಬಹುದು. ಸ್ಕೀ ತಾಣ ನಡೆಸುವವರಿಗೆ ಹತ್ತರಲ್ಲಿ ಏಳು ಸಾಕಾಗಬಹುದು, ಏಕೆಂದರೆ ಅವರು ಹತ್ತೂ ವರ್ಷ ಅಲ್ಲೇ ಇರುತ್ತಾರೆ. ಜೀವಮಾನದಲ್ಲಿ ಒಮ್ಮೆ ಆಲ್ಪ್ಸ್‌ಗೆ ಹೋಗುವ ನಮ್ಮಂಥವರು ಒಂಬತ್ತಕ್ಕಿಂತ ಕಡಿಮೆಗೆ ಒಪ್ಪಬಾರದು ಎಂಬುದು ನನ್ನ ಹಟ.

ಎಷ್ಟು ವರ್ಷದ ದಾಖಲೆ ಬೇಕು? ಐದು ವರ್ಷ ಸಾಲದೇ?

ಸಾಲದು. ಆಲ್ಪ್ಸ್‌ನಲ್ಲಿ 1980ರ ದಶಕದ ಕೊನೆಗೆ ಸಾಲುಸಾಲಾಗಿ ಮೂರು ಚಳಿಗಾಲ ಹಿಮ ಕೈಕೊಟ್ಟಿತ್ತು. ಅಂಥ ಗುಂಪಿನ ಮೇಲೆ ನಿಮ್ಮ ಐದು ವರ್ಷ ಬಿದ್ದರೆ ಒಳ್ಳೆಯ ಊರೂ ಕೆಟ್ಟದಾಗಿ ಕಾಣುತ್ತದೆ. ಹವಾಮಾನ ಶಾಸ್ತ್ರದವರು 30 ವರ್ಷ ತೆಗೆದುಕೊಳ್ಳುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020. ನಾನು ಮೂವತ್ತನ್ನೂ ಬರೆಯುತ್ತೇನೆ, ಕೊನೆಯ ಹನ್ನೆರಡು ವರ್ಷಗಳ ಕೆಳಗೆ ಗೆರೆ ಎಳೆದು ಅವನ್ನು ಬೇರೆ ಎಣಿಸುತ್ತೇನೆ. ಹಳೆಯ ವರ್ಷಗಳು ಏರಿಳಿತ ಎಷ್ಟು ದೊಡ್ಡದು ಎಂದು ತೋರಿಸುತ್ತವೆ, ಹೊಸ ವರ್ಷಗಳು ಈಗಿನ ಬಿಸಿಯನ್ನು ತೋರಿಸುತ್ತವೆ.

ಇಷ್ಟೆಲ್ಲ ದಾಖಲೆ ಎಲ್ಲಿ ಸಿಗುತ್ತದೆ? ದುಡ್ಡು ಕೊಡಬೇಕೇ?

ಆಲ್ಪ್ಸ್‌ನದು ಬಹುಪಾಲು ಪುಕ್ಕಟೆ. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನಕ್ಕೆಂದೇ ಎಸ್‌ಎಲ್‌ಎಫ್ ಎಂಬ ಸಂಸ್ಥೆ ಇದೆ. ಊರಿನ ಮೇಲ್ಗಡೆ ವೈಸ್‌ಫ್ಲೂಯೋಹ್ ಎಂಬಲ್ಲಿ, ಸುಮಾರು 2,540 ಮೀಟರ್ ಎತ್ತರದ ಬಯಲಿನಲ್ಲಿ, 1936ರಿಂದ ಹಿಮ ಅಳೆಯುತ್ತ ಬಂದಿದ್ದಾರೆ. ಯುದ್ಧ, ಬಿರುಗಾಳಿ, ಯಾವುದಕ್ಕೂ ಬಿಡದೆ ತೊಂಬತ್ತು ವರ್ಷ! ಅಪ್ಪ ಇದ್ದಿದ್ದರೆ ಆ ಪುಟಗಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಸ್ವಿಟ್ಜರ್ಲೆಂಡ್, ಆಸ್ಟ್ರಿಯ, ಫ್ರಾನ್ಸ್ ದೇಶಗಳ ಹವಾಮಾನ ಸಂಸ್ಥೆಗಳು ತಮ್ಮ ಕೇಂದ್ರಗಳ ದೈನಂದಿನ ಅಂಕಿಗಳನ್ನು ಈಗ ಎಲ್ಲರಿಗೂ ತೆರೆದಿಟ್ಟಿವೆ.

ನಮ್ಮ ಕಡೆ ಹಾದಿ ಸ್ವಲ್ಪ ಕಲ್ಲುಮುಳ್ಳಿನದು. ಗುಲ್ಮಾರ್ಗಿನಲ್ಲಿ ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಇದೆ. ಶ್ರೀನಗರದ ಕಚೇರಿ ಪ್ರತಿದಿನ ಅಂಕಿ ಹೊರಡಿಸುತ್ತದೆ. ಎಷ್ಟೋ ಕಡೆ ಹಿಮದ ಆಳ ಸಿಗದೆ ಮಿಲಿಮೀಟರಿನಲ್ಲಿ ಮಳೆಯಂತೆ ಬರೆದ ಅಂಕಿ ಮಾತ್ರ ಸಿಗುತ್ತದೆ. ಆಗ ಆ ದಿನದ ಉಷ್ಣಾಂಶವನ್ನೂ ನೋಡಿ: ಸೊನ್ನೆಗಿಂತ ಕೆಳಗಿದ್ದರೆ 1 ಮಿ.ಮೀ. ನೀರಿಗೆ ಸುಮಾರು 1 ಸೆಂ.ಮೀ. ಹೊಸ ಹಿಮ ಎಂದು ಒರಟು ಲೆಕ್ಕ ಹಿಡಿಯಬಹುದು.

ಯಾವ ದೇಶದ್ದೇ ಇರಲಿ, ಪಟ್ಟಿಯಲ್ಲಿ ಖಾಲಿ ಮನೆ ಕಂಡರೆ ಅದನ್ನು ಸೊನ್ನೆ ಎಂದು ಓದಬೇಡಿ. ಸೊನ್ನೆ ಎಂದರೆ ನೋಡಿದೆವು, ಹಿಮ ಇರಲಿಲ್ಲ. ಖಾಲಿ ಎಂದರೆ ಯಾರೂ ನೋಡಲಿಲ್ಲ. ಅದರಲ್ಲೂ ಭಾರಿ ಹಿಮ ಬಿದ್ದ ದಿನಗಳಲ್ಲೇ ಅಳೆಯುವವರು ಜಾಗಕ್ಕೆ ತಲುಪಲಾರದೆ ಮನೆ ಖಾಲಿ ಉಳಿಯುವುದುಂಟು. ಕಂಪ್ಯೂಟರಿಗೆ ಹಾಕಿ ಕೂಡಿಸುವವರು ಇಲ್ಲಿಯೇ ಎಡವುತ್ತಾರೆ.

ಸ್ಕೀ ತಾಣದವರೇ ದಿನಾ ಹಿಮದ ಅಂಕಿ ಹಾಕುತ್ತಾರಲ್ಲ, ಅದನ್ನೇ ಬಳಸಬಾರದೇ?

ಮಾರುವವರ ತಕ್ಕಡಿಯಲ್ಲಿ ತೂಗಿದ್ದನ್ನು ಇನ್ನೊಮ್ಮೆ ತೂಗಿ ನೋಡಬೇಕು. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನ ತಾಣಗಳು ತಾವೇ ಪ್ರಕಟಿಸಿದ ಹೊಸ ಹಿಮದ ಅಂಕಿಗಳನ್ನು ಪರಿಶೀಲಿಸಿದಾಗ, ವಾರದ ಉಳಿದ ದಿನಗಳಿಗಿಂತ ವಾರಾಂತ್ಯದಲ್ಲಿ 23 ಶೇಕಡದಷ್ಟು ಹೆಚ್ಚು ಹಿಮ ‘ಬಿದ್ದಿತ್ತು’. ಮೋಡಕ್ಕೆ ಶನಿವಾರ ಭಾನುವಾರ ಗೊತ್ತಿರುವುದಿಲ್ಲ. ಇನ್ನೊಂದು ಸಂಗತಿ, ತಾಣದವರು ಕೊಡುವ ಆಳ ಅನೇಕ ಸಲ ಶಿಖರದ ತುದಿಯದು. ಹೊಸಬರು ಕಲಿಯುವುದು ಬುಡದಲ್ಲಿ. ಸರ್ಕಾರಿ ಕೇಂದ್ರದ ಅಂಕಿ ಇದ್ದಲ್ಲಿ ಅದನ್ನೇ ಹಿಡಿಯಿರಿ.

ಹಿಮವನ್ನು ಅಳೆಯುವುದಾದರೂ ಹೇಗೆ? ಗಾಳಿಗೆ ಹಾರುವುದಿಲ್ಲವೇ?

ಹಾರುತ್ತದೆ, ಅದಕ್ಕೇ ಅಳತೆಯ ಜಾಗವನ್ನು ಗಾಳಿ ಕಡಿಮೆ ಬೀಸುವ ಕಡೆ ಆರಿಸುತ್ತಾರೆ. ಒಟ್ಟು ಆಳಕ್ಕೆ ನೆಲದಲ್ಲಿ ಗುರುತು ಹಾಕಿದ ಕಂಬ ನೆಟ್ಟಿರುತ್ತಾರೆ. ಹೊಸ ಹಿಮಕ್ಕೆ ಬಿಳಿ ಬಣ್ಣ ಬಳಿದ ಹಲಗೆ. ಗುಲ್ಮಾರ್ಗಿನಲ್ಲಿ ನಾನು ಉಳಿದ ಮನೆಯ ಹಿತ್ತಿಲಲ್ಲಿ ಹಾಗೊಂದು ಹಲಗೆ ಇಟ್ಟು ನೋಡಿದೆ. ರಾತ್ರಿ ಹಿಮ ಬಿದ್ದು ಬೆಳಿಗ್ಗೆ ಹಲಗೆ ಕಾಣದಾಗಿತ್ತು. ಪಕ್ಕದಲ್ಲಿ ಚುಚ್ಚಿದ್ದ ಕೋಲಿನ ಗುರುತಿನ ಮೇಲೆ ಅಡಿಪಟ್ಟಿ ಇಳಿಸಿದಾಗ ಹಲಗೆಗೆ ಟಕ್ ಎಂದು ತಾಗಿತು: 17 ಸೆಂ.ಮೀ. ಬರೆದುಕೊಂಡು, ಹಲಗೆ ಗುಡಿಸಿ, ಹಿಮದ ಮೇಲೆಯೇ ಮತ್ತೆ ಇಟ್ಟೆ. ಮಧ್ಯಾಹ್ನ ಪಕ್ಕದ ಮುಟ್ಟದ ಹಿಮವನ್ನು ಅಳೆದರೆ ಅದೇ ಹಿಮ 13ಕ್ಕೆ ಇಳಿದಿತ್ತು. ಒಂದು ಹನಿಯೂ ಕರಗಿರಲಿಲ್ಲ, ಬರೀ ಕುಸಿದಿತ್ತು. ದಿನಕ್ಕೊಮ್ಮೆ ಅಳೆಯುವ ಕೇಂದ್ರಕ್ಕೂ ಆರು ಗಂಟೆಗೊಮ್ಮೆ ಅಳೆಯುವ ಕೇಂದ್ರಕ್ಕೂ ಒಟ್ಟು ಏಕೆ ಬೇರೆ ಬರುತ್ತದೆ ಎಂದು ಅಂದು ಕೈಯಾರೆ ಅರಿತೆ.

## ಊರು, ಎತ್ತರ, ತಾರೀಖು

ಗುಲ್ಮಾರ್ಗೋ ಔಲಿಯೋ? ಒಂದೇ ಮಾತಿನಲ್ಲಿ ಹೇಳಿ ಅಕ್ಕ.

ಹಿಮದ ಭರವಸೆಗೆ ಗುಲ್ಮಾರ್ಗ್. ಕಾರಣ ಎತ್ತರ. ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,050 ಮೀಟರ್ ನಡುವೆ ಮುಗಿಯುತ್ತವೆ. ಗುಲ್ಮಾರ್ಗಿನ ಹುಲ್ಲುಗಾವಲೇ ಸುಮಾರು 2,650 ಮೀಟರಿನಲ್ಲಿದೆ. ತಂತಿಯ ಮೇಲೆ ತೂಗಿಕೊಂಡು ಸಾಗುವ ಗೊಂಡೋಲದ ಮೊದಲ ಹಂತ ಕೊಂಗ್‌ಡೂರಿಯವರೆಗೆ, ಎರಡನೆಯ ಹಂತ ಅಫರ್‌ವಟ್ ಬೆಟ್ಟದಲ್ಲಿ 3,900 ಮೀಟರ್ ದಾಟಿ ಹೋಗುತ್ತದೆ. ಬುಡದಲ್ಲಿ ಹಿಮ ಸಾಲದ ವಾರದಲ್ಲೂ ಮೇಲೆ ಇರುವ ಸಾಧ್ಯತೆ ಹೆಚ್ಚು. ಆದರೆ ಮೇಲಿನ ಹಂತ ಹೊಸಬರ ಜಾಗವಲ್ಲ. ಕಲಿಯುವವರಿಗೆ ಬುಡದ ದಾಖಲೆಯೇ ದಾಖಲೆ. ಔಲಿಯ ಇಳಿಜಾರುಗಳು ಕಲಿಯುವುದಕ್ಕೆ ಸೊಗಸು, ನಂದಾದೇವಿಯ ನೋಟ ಬೇರೆಲ್ಲೂ ಸಿಗದು. ಅಲ್ಲಿಗೆ ಹೋಗುವುದಾದರೆ ಫೆಬ್ರವರಿ ಹಿಡಿಯಿರಿ.

ತಾರೀಖು ಗುಲ್ಮಾರ್ಗಿಗೂ ಜನವರಿಯ ಕೊನೆಯಿಂದ ಫೆಬ್ರವರಿಯ ಕೊನೆಯವರೆಗೆ. ಚಿಲ್ಲಾ ಎ ಕಲಾನ್ ಶುರುವಾದ ಕೂಡಲೇ ಹೋಗುವ ಹಳೆಯ ರೂಢಿಯನ್ನು 2024ರ ಜನವರಿ ಸುಳ್ಳುಮಾಡಿತು.

ಆಲ್ಪ್ಸ್‌ನಲ್ಲಿ ಎತ್ತರದ ಊರು ಆರಿಸಿಕೊಂಡರೆ ಮುಗಿಯಿತಲ್ಲ?

ಅರ್ಧ ಮುಗಿಯಿತು. ಪ್ರತಿ 1,000 ಮೀಟರ್ ಏರಿದಂತೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ, ಆದ್ದರಿಂದ ಬಿದ್ದದ್ದು ಉಳಿಯುತ್ತದೆ. ಬೀಳುವುದು ಮಾತ್ರ ಗಾಳಿ ಯಾವ ದಿಕ್ಕಿನಿಂದ ಬಂದು ಯಾವ ಬೆಟ್ಟಕ್ಕೆ ಬಡಿಯುತ್ತದೆ ಎಂಬುದರ ಮೇಲೆ. ಆಗುಂಬೆಗೆ ಸುರಿಯುವ ಮಳೆ ಘಟ್ಟ ದಾಟಿ ನಮ್ಮ ಮಾನ್ವಿಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಸ್ಟ್ರಿಯದ ಪಶ್ಚಿಮದ ವಾರ್ತ್ ಎಂಬ ಹಳ್ಳಿ 1,500 ಮೀಟರಿನ ಆಸುಪಾಸಿನಲ್ಲಿದೆ. ವಾಯವ್ಯದ ತೇವದ ಗಾಳಿಗೆ ಎದೆಯೊಡ್ಡಿ ನಿಂತಿರುವುದರಿಂದ ಋತುವಿಗೆ ಸುಮಾರು 10 ಮೀಟರ್ ಹಿಮ ಬೀಳುವ ಊರೆಂದು ಹೆಸರಾಗಿದೆ. ಸ್ವಿಟ್ಜರ್ಲೆಂಡಿನ ಜರ್ಮಾಟ್ ಅದಕ್ಕಿಂತ ಎತ್ತರದ್ದು, 1,600 ಮೀಟರ್ ಮೇಲೆ. ಆದರೆ ಸುತ್ತ ನಾಲ್ಕು ಸಾವಿರ ಮೀಟರಿನ ಶಿಖರಗಳ ಮರೆಯಲ್ಲಿರುವ ಒಣ ಕಣಿವೆ. ಬೀಳುವುದು ಎಷ್ಟೋ ಕಡಿಮೆ. ಹಾಗಿದ್ದರೂ ಅಲ್ಲಿನ ಇಳಿಜಾರುಗಳು 3,883 ಮೀಟರಿನವರೆಗೆ ಏರಿ ಹಿಮನದಿಯ ಮೇಲೆ ಹೋಗುವುದರಿಂದ ಸ್ಕೀಯಿಂಗ್ ವರ್ಷವಿಡೀ ನಡೆಯುತ್ತದೆ.

ಇನ್ನೊಂದು ತುದಿಗೆ ಕಿಟ್ಜ್‌ಬ್ಯೂಹೆಲ್. ಜಗತ್ಪ್ರಸಿದ್ಧ ಹೆಸರು, ಊರು ಇರುವುದು 760 ಮೀಟರಿನಲ್ಲಿ. ಹೆಸರು ಕೇಳಿ ಮಾರ್ಚ್ ಕೊನೆಗೆ ಅಲ್ಲಿಗೆ ಟಿಕೆಟ್ ಮಾಡಿದವರು ನನಗೆ ಗೊತ್ತು.

ಮಕ್ಕಳಿಗೆ ರಜೆ ಸಿಗುವುದೇ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಹಿಮವೆಲ್ಲ ಕರಗಿರುತ್ತದೆಯೇ?

ಇದಕ್ಕೆ ಉತ್ತರ ಕೊಡುವಾಗ ನನಗೆ ಅತಿ ಸಂತೋಷ, ಏಕೆಂದರೆ ದಾಖಲೆ ಇಲ್ಲಿ ಒಳ್ಳೆಯ ಸುದ್ದಿ ಕೊಡುತ್ತದೆ. ಕಣಿವೆಯ ಊರುಗಳಲ್ಲಿ ಹಿಮದ ಆಳ ಫೆಬ್ರವರಿ ಹೊತ್ತಿಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ, ನಿಜ. ಆದರೆ 2,500 ಮೀಟರಿನ ವೈಸ್‌ಫ್ಲೂಯೋಹ್ ದಾಖಲೆ ತೆರೆದರೆ ಸಾಮಾನ್ಯ ವರ್ಷದಲ್ಲಿ ಆಳ ತುದಿ ಮುಟ್ಟುವುದು ಏಪ್ರಿಲ್‌ನಲ್ಲಿ! ಚಳಿಗಾಲವಿಡೀ ಬಿದ್ದದ್ದು ಅಲ್ಲಿ ಕೂಡಿಕೊಂಡಿರುತ್ತದೆ. ಫ್ರಾನ್ಸಿನ ವಾಲ್ ತೊರಾನ್ಸ್ ಊರೇ 2,300 ಮೀಟರಿನಲ್ಲಿದ್ದು ಸಾಮಾನ್ಯವಾಗಿ ಮೇ ಆರಂಭದವರೆಗೆ ತೆರೆದಿರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆಗೆ ಹೇಳಿಮಾಡಿಸಿದಂತಿದೆ. ರಾಯಚೂರಿನಲ್ಲಿ 42 ಡಿಗ್ರಿ ಇರುವಾಗ ಹೋಗಿ ಹಿಮದ ಮೇಲೆ ನಿಂತ ಮಗುವಿನ ಮುಖ ನೋಡಬೇಕು.

ಒಂದೇ ಶರತ್ತು. ಏಪ್ರಿಲ್‌ನ ಹಿಮ ಬೆಳಿಗ್ಗೆ ಕಲ್ಲಿನಂತೆ ಹೆಪ್ಪುಗಟ್ಟಿ, ಹತ್ತರಿಂದ ಹನ್ನೆರಡರವರೆಗೆ ಹದವಾಗಿ, ಮಧ್ಯಾಹ್ನಕ್ಕೆ ಗಂಜಿಯಾಗುತ್ತದೆ. ಉತ್ತರಕ್ಕೆ ಮುಖಮಾಡಿದ ಇಳಿಜಾರು ಆರಿಸಿಕೊಂಡು ಊಟದ ಹೊತ್ತಿಗೆ ಮುಗಿಸಬೇಕು.

ಕ್ರಿಸ್ಮಸ್ ರಜೆಯಲ್ಲಿ?

ನನ್ನ ಪುಸ್ತಕದಲ್ಲಿ ಅತಿ ಕೆಂಪಾದ ಕಾಲಂ ಅದು. ದರವೂ ಆಗಲೇ ಅತಿ ಹೆಚ್ಚು. 2,000 ಮೀಟರಿಗಿಂತ ಮೇಲೆ ಮಾತ್ರ ಯೋಚಿಸಿ.

ಟಿಕೆಟನ್ನು ಆರು ತಿಂಗಳು ಮುಂಚೆ ಮಾಡಬೇಕೋ, ಹಿಮ ಬಿದ್ದದ್ದು ನೋಡಿಕೊಂಡು ಮಾಡಬೇಕೋ?

ಭಾರತದೊಳಗೆ ಹೋಗುವವರು ಎರಡನೆಯ ದಾರಿ ಹಿಡಿಯಬಹುದು. ದಾಖಲೆ ನೋಡಿ ಎರಡು ವಾರಗಳನ್ನು ಗುರುತಿಸಿ, ರದ್ದು ಮಾಡಲು ಬರುವ ಕೋಣೆ ಹಿಡಿಯಿರಿ. ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ದೆಹಲಿಗೆ ಹೋಗುತ್ತದೆ. ರೈಲು ಟಿಕೆಟ್ ರದ್ದು ಮಾಡಿದರೆ ಆಗುವ ನಷ್ಟ, ಹಿಮವಿಲ್ಲದ ವಾರದ ನಷ್ಟದ ಮುಂದೆ ಏನೂ ಅಲ್ಲ.

ಯೂರೋಪಿಗೆ ಹಾಗಾಗುವುದಿಲ್ಲ. ಯೂರೋಪಿನ ಬಹುಪಾಲು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳೊಳಗೆ, ಕನಿಷ್ಠ 15 ದಿನ ಮುಂಚೆ ಅರ್ಜಿ ಹಾಕಬೇಕು, ಕನಿಷ್ಠ 30,000 ಯೂರೊ ವಿಮೆ ತೋರಿಸಬೇಕು. ಆ ವಿಮೆ ಸ್ಕೀಯಿಂಗ್ ಅನ್ನು ಒಳಗೊಂಡಿದೆಯೇ ಎಂದು ಸಾಲು ಸಾಲು ಓದಿ, ಅನೇಕವು ಒಳಗೊಂಡಿರುವುದಿಲ್ಲ. ಮುನ್ಸೂಚನೆ ಒಂದು ವಾರದಾಚೆ ಮಸುಕಾಗುವುದರಿಂದ, ದೂರದ ಪ್ರವಾಸಕ್ಕೆ ನಿಮ್ಮ ಕೈಯಲ್ಲಿರುವುದು ಹಳೆಯ ದಾಖಲೆ ಒಂದೇ. ಎತ್ತರ ಹೆಚ್ಚು, ಕೆಂಪು ಸುತ್ತು ಕಡಿಮೆ ಇರುವ ಊರಿಗೆ ಸ್ವಲ್ಪ ದುಬಾರಿಯಾದರೂ ಹೋಗಿ.

## ಪಳಗಿದವರ ಪ್ರಶ್ನೆಗಳು

ಎಲ್ ನಿನೊ ವರ್ಷದಲ್ಲಿ ಹಿಮಾಲಯಕ್ಕೆ ಹಿಮ ಹೆಚ್ಚು ಎಂದು ಓದಿದ್ದೆ. ಅದನ್ನು ಹಿಡಿದು ವರ್ಷ ಆರಿಸಬಹುದೇ?

ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಪಶ್ಚಿಮ ಹಿಮಾಲಯದ ಚಳಿಗಾಲ ತುಸು ಹೆಚ್ಚು ತೇವದ ಕಡೆ ವಾಲುತ್ತದೆ ಎನ್ನುವ ಅಧ್ಯಯನಗಳಿವೆ. ಆದರೆ 2023-24 ಬಲವಾದ ಎಲ್ ನಿನೊ ಚಳಿಗಾಲವಾಗಿತ್ತು, ಗುಲ್ಮಾರ್ಗ್ ಬರಿದಾಗಿದ್ದದ್ದೂ ಅದೇ ಚಳಿಗಾಲದಲ್ಲಿ. ಇಡೀ ಋತುವಿನ ವಾಲಿಕೆ ನಿಮ್ಮ ಏಳು ದಿನಗಳಿಗೆ ಇಳಿಯುವುದಿಲ್ಲ. ಆಲ್ಪ್ಸ್‌ಗಂತೂ ಅದರ ನಂಟು ತೀರ ದುರ್ಬಲ.

ಭೂಮಿ ಬಿಸಿಯಾಗುತ್ತಿರುವಾಗ ಹಳೆಯ ದಾಖಲೆಗೆ ಬೆಲೆ ಇದೆಯೇ?

ಇದೆ, ಆದರೆ ತಿದ್ದಿಕೊಂಡು ಓದಬೇಕು. ಆಲ್ಪ್ಸ್‌ನ 2,000ಕ್ಕೂ ಹೆಚ್ಚು ಕೇಂದ್ರಗಳ 1971ರಿಂದ 2019ರವರೆಗಿನ ಅಂಕಿಗಳನ್ನು ಒಟ್ಟುಮಾಡಿದ ಅಧ್ಯಯನದಲ್ಲಿ, ನವೆಂಬರ್‌ನಿಂದ ಮೇವರೆಗಿನ ಸರಾಸರಿ ಹಿಮದ ಆಳ ದಶಕಕ್ಕೆ 8.4 ಶೇಕಡ, ಹಿಮ ಹೊದ್ದಿರುವ ಅವಧಿ ದಶಕಕ್ಕೆ 5.6 ಶೇಕಡ ಇಳಿದಿರುವುದು ಕಂಡಿತು. ಪೆಟ್ಟು ಹೆಚ್ಚು ಬಿದ್ದಿರುವುದು ತಗ್ಗಿನ ಊರುಗಳಿಗೆ. 2007ರಲ್ಲಿ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ ಆಲ್ಪ್ಸ್‌ನ 666 ಸ್ಕೀ ತಾಣಗಳನ್ನು ನೂರು ದಿನದ ನಿಯಮದಿಂದ ತೂಗಿ ನೋಡಿತ್ತು. ಆಗ 609 ತಾಣಗಳು ಪಾಸಾಗಿದ್ದವು. 2 ಡಿಗ್ರಿ ಬಿಸಿಯಾದರೆ 404, 4 ಡಿಗ್ರಿ ಆದರೆ 202 ಮಾತ್ರ ಉಳಿಯುತ್ತವೆ ಎಂದು ಲೆಕ್ಕ ಹಾಕಿತ್ತು. ಒಂದೊಂದು ಡಿಗ್ರಿಗೆ ಹಿಮದ ರೇಖೆ ಸುಮಾರು 150 ಮೀಟರ್ ಮೇಲೇರುತ್ತದೆ ಎಂಬುದು ಅದರ ಹಿಂದಿನ ಊಹೆ.

ಇದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 202 ಎಂದರೆ ನೂರಾರು ಹಳ್ಳಿಗಳು ತಮ್ಮ ಚಳಿಗಾಲವನ್ನೇ ಕಳೆದುಕೊಳ್ಳುತ್ತವೆ ಎಂದು ಅರ್ಥ. ಪ್ರವಾಸದ ಮಟ್ಟಿಗೆ ಹೇಳುವುದಾದರೆ, 1990ರ ದಶಕದ ದಾಖಲೆಯನ್ನು ಇಂದಿಗೆ ಹೊಂದಿಸಲು ನಾನು ನನ್ನ ಮನಸ್ಸಿನಲ್ಲಿ ಊರನ್ನು 150 ಮೀಟರ್ ಕೆಳಗಿಳಿಸಿ ಓದುತ್ತೇನೆ. ಒರಟು ಉಪಾಯ, ಆದರೆ ಈವರೆಗೆ ಕೈಬಿಟ್ಟಿಲ್ಲ.

ನಾನು ಹೋಗಬೇಕೆಂದಿರುವ ಕಣಿವೆಯಲ್ಲಿ ಕೇಂದ್ರವೇ ಇಲ್ಲ. ಆಗ?

ಉಪಗ್ರಹ ಇದೆ. ಅಮೆರಿಕದ ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣ 2000ನೇ ಇಸವಿಯಿಂದ ಪ್ರತಿದಿನ ಭೂಮಿಯನ್ನು ನೋಡುತ್ತಿದೆ; ಹಿಮದ ನಕ್ಷೆಯ ಒಂದು ಚುಕ್ಕೆ 500 ಮೀಟರ್. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಚುಕ್ಕೆ 10 ಮೀಟರ್, ಐದು ದಿನಕ್ಕೊಮ್ಮೆ. ಆದರೆ ಮೊದಲ ಉಪಗ್ರಹ ಹಾರಿದ್ದು 2015ರಲ್ಲಿ. ಎರಡೂ ಉಚಿತ. ಔಲಿಯ ಪುಟವನ್ನು ನಾನು ತುಂಬಿದ್ದು ಹೀಗೆಯೇ: ಪ್ರತಿ ವರ್ಷದ ಜನವರಿ 5, 15, 25ರ ಹತ್ತಿರದ ಮೋಡವಿಲ್ಲದ ಚಿತ್ರ ತೆರೆದು, ಬಿಳಿ ಇದ್ದರೆ ಟಿಕ್, ಕಂದು ಇದ್ದರೆ ಕೆಂಪು ಸುತ್ತು. ಆಳ ಇದರಿಂದ ತಿಳಿಯುವುದಿಲ್ಲ, ಮೋಡದ ದಿನ ಏನೂ ಕಾಣುವುದಿಲ್ಲ, ದಟ್ಟ ದೇವದಾರು ಕಾಡಿನೊಳಗಿನ ಹಿಮವೂ ತಪ್ಪಿಹೋಗುತ್ತದೆ. ತೆರೆದ ಇಳಿಜಾರಿಗೆ ಮಾತ್ರ ಇದು ಸುಳ್ಳು ಹೇಳದ ಸಾಕ್ಷಿ.

ಇಆರ್‌ಎ5 ಎಂಬ ಜಾಗತಿಕ ಅಂಕಿಗಳಲ್ಲಿ 1940ರಿಂದ ಎಲ್ಲ ಊರಿಗೂ ಹಿಮ ಸಿಗುತ್ತದಲ್ಲ, ಕೆಂಪು ಪುಸ್ತಕದ ಕಷ್ಟವೇಕೆ?

ಅದು ಹಳೆಯ ವೀಕ್ಷಣೆಗಳನ್ನು ಕಂಪ್ಯೂಟರ್ ಮಾದರಿಗೆ ಉಣಿಸಿ ಹೆಣೆದದ್ದು. ಒಂದು ಚೌಕ ಸುಮಾರು 31 ಕಿಲೋಮೀಟರ್. ಗುಲ್ಮಾರ್ಗ್, ಅದರ ಕೆಳಗಿನ ಸೇಬಿನ ತೋಟ, ಮೇಲಿನ ಅಫರ್‌ವಟ್ ಮೂರೂ ಒಂದೇ ಚೌಕದೊಳಗೆ ಕಲಸಿಹೋಗಿ ಒಂದು ನಡುಮಟ್ಟದ ಬೆಟ್ಟವಾಗುತ್ತವೆ. ಯಾವ ವರ್ಷ ಕೆಟ್ಟದು, ಯಾವುದು ಒಳ್ಳೆಯದು ಎಂಬ ಸಾಲು ಹಿಡಿಯಲು ಬಳಸಿ. ಸೆಂಟಿಮೀಟರನ್ನು ನಂಬಬೇಡಿ.

ಯಂತ್ರದಿಂದ ಹಿಮ ಮಾಡುತ್ತಾರಲ್ಲ, ದಾಖಲೆಯ ಗೊಡವೆ ಏಕೆ?

ಯಂತ್ರಕ್ಕೂ ಚಳಿ ಬೇಕು, ಅದಕ್ಕೂ ದಾಖಲೆ ಬೇಕು. ನೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದಾಗ ಅವು ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟಬೇಕು. ಇದನ್ನು ನಿರ್ಧರಿಸುವುದು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರುವ ಅಂಕಿ. ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗೆ ಬೇಕು. ನಮ್ಮ ಮನೆಯ ಕೂಲರ್ ಒಣ ಹವೆಯ ರಾಯಚೂರಿನಲ್ಲಿ ತಂಪು ಕೊಟ್ಟು ಮಂಗಳೂರಿನಲ್ಲಿ ಸೋಲುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ, ಒಣ ಗಾಳಿಯಲ್ಲಿ ಹಿಮದ ಯಂತ್ರವೂ ಚೆನ್ನಾಗಿ ನಡೆಯುತ್ತದೆ. ಬೆಚ್ಚಗಿನ, ತೇವದ ಡಿಸೆಂಬರ್‌ನಲ್ಲಿ ಯಂತ್ರಗಳು ಸಾಲಾಗಿ ಸುಮ್ಮನೆ ನಿಂತಿರುತ್ತವೆ. ಇಂಥ ಊರಿಗೆ ಹೋಗುವಾಗ ಹಿಮದ ಪಟ್ಟಿಯ ಜೊತೆ ಉಷ್ಣಾಂಶ, ತೇವಾಂಶದ ಪಟ್ಟಿಯನ್ನೂ ನೋಡಿ.

ದಾಖಲೆಯಲ್ಲಿ ಹಿಮ ಹೆಚ್ಚು ಬಿದ್ದ ವಾರವನ್ನೇ ಹುಡುಕಿ ಹೋಗುವುದು ಒಳ್ಳೆಯದಲ್ಲವೇ?

ಅತಿ ಹೆಚ್ಚು ಬಿದ್ದ ವಾರಗಳ ಪಕ್ಕದಲ್ಲಿ ಅಂದು ಏನಾಯಿತು ಎಂದೂ ಬರೆದುಕೊಳ್ಳಿ. 2018ರ ಜನವರಿಯಲ್ಲಿ ಜರ್ಮಾಟ್‌ನಲ್ಲಿ ರಸ್ತೆ, ರೈಲು ಎರಡೂ ಮುಚ್ಚಿ ಸುಮಾರು 13,000 ಪ್ರವಾಸಿಗರು ಸಿಕ್ಕಿಹಾಕಿಕೊಂಡರು. 1999ರ ಫೆಬ್ರವರಿ 23ರಂದು ಆಸ್ಟ್ರಿಯದ ಗಾಲ್ಟ್ಯೂರ್ ಹಳ್ಳಿಯ ಮೇಲೆ ಹಿಮ ಕುಸಿದು 31 ಜನ ಸತ್ತರು. ಅದಕ್ಕೆ ಮುಂಚೆ ವಾರಗಟ್ಟಲೆ ಬಿಡದೆ ಬಿದ್ದಿತ್ತು. ಗುಲ್ಮಾರ್ಗಿನ ಅಫರ್‌ವಟ್ ಮೇಲೆ 2023ರ ಫೆಬ್ರವರಿಯಲ್ಲಿ ಇಬ್ಬರು, 2024ರ ಫೆಬ್ರವರಿಯಲ್ಲಿ ಒಬ್ಬರು ವಿದೇಶಿ ಸ್ಕೀಯಿಂಗ್‌ಗಾರರು ಹಿಮಕುಸಿತಕ್ಕೆ ಬಲಿಯಾದರು.

ಮೂವತ್ತು ವರ್ಷದ ದಾಖಲೆ ಊರನ್ನೂ ವಾರವನ್ನೂ ಆರಿಸಿಕೊಡುತ್ತದೆ. ಇಂದು ಈ ಇಳಿಜಾರು ನಿಲ್ಲುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಹಿಮಕುಸಿತದ ಅಪಾಯವನ್ನು ಯೂರೋಪಿನಲ್ಲಿ 1ರಿಂದ 5ರವರೆಗಿನ ಅಂಕಿಯಲ್ಲಿ ಪ್ರತಿದಿನ ಹೇಳುತ್ತಾರೆ. ಗುರುತಿಸಿದ ಇಳಿಜಾರು ಬಿಟ್ಟು ಆಚೆ ಹೋಗುವ ಯೋಚನೆಯಿದ್ದರೆ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಆ ಅಂಕಿ ಓದಿ, ಸ್ಥಳೀಯ ಮಾರ್ಗದರ್ಶಕರ ಬಾಯಲ್ಲಿ ಇನ್ನೊಮ್ಮೆ ಕೇಳಿ. 3 ಎಂದರೆ ನಾನು ಗುರುತಿಸಿದ ಇಳಿಜಾರಿನಲ್ಲೇ ಉಳಿಯುತ್ತೇನೆ. 4 ಬಂದ ದಿನ ಗೊಂಡೋಲದ ಕಡೆ ಹೆಜ್ಜೆ ಹಾಕುವುದಿಲ್ಲ. ಹಿತ್ತಿಲಿನ ಹಲಗೆಯ ಮೇಲಿನ ಹಿಮ ಅಳೆದು, ಕೆಂಪು ಪುಸ್ತಕದಲ್ಲಿ ಬರೆದು, ಕಾಶ್ಮೀರದವರ ಕೆಂಡದ ಮಡಕೆ ಕಾಂಗ್ಡಿಯ ಮುಂದೆ ಕುಳಿತುಬಿಡುತ್ತೇನೆ.